ಒಂದು ಎಲೆಗೆ ನಾಲ್ಕು ಕೈ

ಎಲೆ ಬರೆಯೆಂದರೆ ಲಕ್ಷ್ಮಿದೇವಮ್ಮ ಎಲೆ ಬರೆಯುತ್ತಿದ್ದಳು. ಹುಳು ಬರೆಯೆಂದರೆ ಕಾಲಿನ ರೋಮದ ಸಮೇತ ಹುಳು ಬರೆಯುತ್ತಿದ್ದಳು. ರಾಗಿಗೆ ಬೆಂಕಿ ರೋಗ ಬಿದ್ದಾಗ ತೆನೆಯ ಕುತ್ತಿಗೆ ಎಲ್ಲಿ ಕಪ್ಪಾಗುತ್ತದೆ, ಎಷ್ಟು ಕಪ್ಪಾಗುತ್ತದೆ ಎಂಬುದು ಅವಳ ಬ್ರಶ್ಶಿಗೆ ಗೊತ್ತಿತ್ತು. ಕೈ ಮಾತ್ರ ಬರುತ್ತಿರಲಿಲ್ಲ. ಮನುಷ್ಯರ ಕೈ.

ಹೆಬ್ಬಾಳದಲ್ಲಿ, ಬೇಸಾಯದ ಪಟಗಳನ್ನು ಮಾಡಿ ಹಳ್ಳಿಹಳ್ಳಿಗೆ ಕಳಿಸುವ ಒಂದು ಸಣ್ಣ ಕಚೇರಿಯಲ್ಲಿ ಅವಳು ಮೂರು ವರ್ಷದಿಂದ ಚಿತ್ರ ಬರೆಯುತ್ತಿದ್ದಳು. ಕಾಯಂ ಅಲ್ಲ. ಆರು ತಿಂಗಳಿಗೊಮ್ಮೆ ಕೆಲಸ ಮುಂದುವರಿಸುವ ಆರ್ಡರು ಬರಬೇಕು, ಬರುವವರೆಗೆ ದಿನ ಎಣಿಸಬೇಕು. ಮೂರು ವರ್ಷದಲ್ಲಿ ಆರು ಸಲ ಹಾಗಾಗಿತ್ತು. ಕಿಟಕಿಯ ಪಕ್ಕದ ಮೇಜು, ಅದರ ಮೇಲಿನ ಭೂತಗನ್ನಡಿ, ಬಣ್ಣದ ಬಟ್ಟಲುಗಳು ಎಲ್ಲವೂ ಅವಳವೇ ಆಗಿದ್ದರೂ ಸಂಜೆ ಹೊರಡುವಾಗ ಅವುಗಳನ್ನು ಬೇರೆಯವರಿಗೆ ವಹಿಸಿಕೊಡುವ ಹಾಗೆ ಒರೆಸಿಟ್ಟು ಬರುತ್ತಿದ್ದಳು. ಈ ಕೆಲಸ ಹೋದರೆ ಇನ್ನೊಂದು ಸಿಗುವ ಹಾಗಿರಲಿಲ್ಲ. ಹುಳು ಬರೆಯುವ ಹೆಂಗಸಿಗೆ ಇಡೀ ಬೆಂಗಳೂರಿನಲ್ಲಿ ಎಷ್ಟು ಕುರ್ಚಿಗಳಿದ್ದಾವು?

ಸಾವಿರದ ಒಂಬೈನೂರ ಐವತ್ತೊಂಬತ್ತನೇ ಇಸವಿಯ ಜೂನ್ ತಿಂಗಳಲ್ಲಿ ಕಚೇರಿಯ ಮೇಲಧಿಕಾರಿ ನರಸಿಂಹಯ್ಯನವರು ಅವಳನ್ನು ಕರೆದರು. ಅವರ ಮೇಜಿನ ಮೇಲೆ ಅವಳ ಹೊಸ ಪಟವಿತ್ತು. ಸಾಲು ನಾಟಿಯ ಪಟ. ಗದ್ದೆಯಲ್ಲಿ ಐದು ಹೆಂಗಸರು. ಒಬ್ಬಳ ಕೈ ಬುಟ್ಟಿಯ ಹಿಂದೆ, ಒಬ್ಬಳದು ಸೆರಗಿನೊಳಗೆ, ಉಳಿದ ಮೂವರದು ಮೊಣಕೈವರೆಗೆ ನೀರಿನಲ್ಲಿ.

"ಇದೇನಮ್ಮ, ಎಲ್ಲರೂ ಕೈ ಬಚ್ಚಿಟ್ಕೊಂಡಿದ್ದಾರೆ? ಏನಾದ್ರೂ ಕದ್ದಿದ್ದಾರಾ?"

ಲಕ್ಷ್ಮಿದೇವಮ್ಮ ತನ್ನ ಕೈಗಳನ್ನೂ ಸೆರಗಿನೊಳಗೆ ಎಳೆದುಕೊಂಡಳು.

"ರೈತರು ಹುಳ ನೋಡಿ ನೋಡಿ ಸಾಕಾಗಿದ್ದಾರೆ. ಪೈರು ಹಿಡಿಯೋದು ಹೇಗೆ, ಊರೋದು ಹೇಗೆ, ಅದನ್ನ ತೋರಿಸ್ಬೇಕು. ಅದಕ್ಕೆ ಕೈ ಬೇಕು. ಆಗಸ್ಟ್ ಕೊನೆಗೆ ನಿಮ್ಮ ಆರ್ಡರ್ ಮುಗಿಯುತ್ತೆ. ಅಷ್ಟರೊಳಗೆ ಕೈ ಕಲಿತ್ರೆ ನನಗೆ ಮೇಲಕ್ಕೆ ಬರೆಯೋಕೆ ಒಂದು ಮಾತಿರುತ್ತೆ. ಇಲ್ಲಾಂದ್ರೆ ಹೊರಗಿಂದ ತರಿಸಿದ ಹಳೇ ಅಚ್ಚನ್ನೇ ಹಾಕಿಸ್ತೀವಿ. ಆಮೇಲೆ ಆರ್ಟಿಸ್ಟ್ ಯಾಕೆ ಬೇಕು ಅಂತ ಅವರೇ ಕೇಳ್ತಾರೆ." ಗದರಿದ ದನಿಯಲ್ಲ. ಅದೇ ಅವಳಿಗೆ ಹೆಚ್ಚು ಹೆದರಿಕೆ ತಂದಿತು.

ಅದೇ ಕೋಣೆಯಲ್ಲಿ ಪಟಗಳನ್ನು ಅಚ್ಚಿನ ಕಲ್ಲಿಗೆ ಇಳಿಸಿ ಮುದ್ರಿಸುತ್ತಿದ್ದ ತಾಜುದ್ದೀನ್ ಸಾಹೇಬರು ಇದನ್ನೆಲ್ಲ ಕೇಳಿಸಿಕೊಂಡಿದ್ದರು. ಅರವತ್ತರ ಹತ್ತಿರದ ಮನುಷ್ಯ. ಒಂದು ಕಾಲದಲ್ಲಿ ನಾಟಕದ ಕಂಪನಿಗಳಿಗೆ ಪರದೆ ಬರೆದವರು.

"ಒಂದು ಕೈಗೆ ಎಷ್ಟು ಹೊತ್ತು ತಗೋತೀರಿ ಅಮ್ಮಾ?"

"ಮುಕ್ಕಾಲು ಗಂಟೆ. ಕೆಲವು ಸಲ ಒಂದು ಗಂಟೆ."

"ಅದಕ್ಕೇ ಸತ್ತೋಗಿದೆ. ಎರಡು ನಿಮಿಷಕ್ಕಿಂತ ಜಾಸ್ತಿ ಕೊಡಬೇಡಿ. ದಿನಾ ಇಪ್ಪತ್ತು ಕೈ. ಎರಡು ನಿಮಿಷ ಆಯ್ತೋ, ಪೆನ್ಸಿಲ್ ಎತ್ತಿಬಿಡೋದು. ಚೆನ್ನಾಗಿಲ್ವಾ, ಹೋಗ್ಲಿ, ಇನ್ನೊಂದು. ರಬ್ಬರ್ ಇಲ್ಲಿ ಕೊಡಿ."

"ಯಾಕೆ ಸಾಹೇಬ್ರೆ?"

"ಕೊಡಿ ಅಂದ್ರೆ. ಕೈ ಬಂದ್ಮೇಲೆ ವಾಪಸ್ಸು."

ಅವರು ಅವಳ ರಬ್ಬರನ್ನು ಜುಬ್ಬಾದ ಜೇಬಿಗೆ ಹಾಕಿಕೊಂಡರು.

ಮನೆ ಅಲ್ಲಾಳಸಂದ್ರದಲ್ಲಿ. ಗಂಡ ಬ್ಯಾಟರಾಯಪ್ಪ ಯಶವಂತಪುರದ ರೈಲ್ವೆ ಯಾರ್ಡಿನಲ್ಲಿ ಹಳಿ ತಿರುಗಿಸುವ ಪಾಯಿಂಟ್ಸ್‌ಮನ್. ಆ ಮಳೆಗಾಲವೆಲ್ಲ ರಾತ್ರಿ ಪಾಳಿ. ಬೆಳಗಿನ ಗಾಡಿಗೆ ಯಲಹಂಕಕ್ಕೆ ಬಂದಿಳಿದು, ಸೈಕಲ್ ತುಳಿದು ಮನೆಗೆ ಬಂದು, ಮುದ್ದೆ ಉಂಡು ಬಿದ್ದುಕೊಂಡನೆಂದರೆ ಎಬ್ಬಿಸುವುದು ಕಷ್ಟ. ಅಷ್ಟರಲ್ಲಿ ಲಕ್ಷ್ಮಿದೇವಮ್ಮ ಬಾವಿಯಿಂದ ಆರು ಕೊಡ ನೀರು ಸೇದಿ, ಸಾರು ಮಾಡಿ, ಬಾಗಿಲ ಚಿಲಕ ಎರಡು ಸಲ ನೋಡಿ ಮುಗಿಸಿರುತ್ತಿದ್ದಳು. ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆ. ಚಾಪೆಯ ಪಕ್ಕ ಟೈಂಪೀಸ್ ಇಟ್ಟುಕೊಂಡು ಮಲಗಿದ ಗಂಡನ ಕೈಯನ್ನು ಬರೆಯತೊಡಗಿದಳು. ಎರಡು ನಿಮಿಷ, ಇನ್ನೆರಡು ನಿಮಿಷ. ಕಣ್ಣು ಎಳೆಯುತ್ತಿತ್ತು. ಒಂದು ದಿನ ಹದಿನೈದನೇ ಕೈಗೆ ಅವಳೂ ಗೋಡೆಗೆ ಒರಗಿ ನಿದ್ದೆ ಹೋಗಿ ಬಸ್ಸು ತಪ್ಪಿತು.

ಎರಡು ವಾರದ ಕೈಗಳನ್ನು ಒಯ್ದು ತಾಜುದ್ದೀನ್ ಸಾಹೇಬರಿಗೆ ತೋರಿಸಿದಳು. ಅವರು ಹಾಳೆ ಮಗುಚುತ್ತಾ ಹೋದಂತೆ ಮುಖ ಗಂಭೀರವಾಯಿತು.

"ಇವರು ಬದುಕಿದ್ದಾರಾ ಅಮ್ಮಾ?"

"ನಮ್ಮ ಯಜಮಾನ್ರು! ನಿದ್ದೆ ಮಾಡ್ತಿದ್ರು."

"ಅಲ್ಲಾ ಕಾಪಾಡಲಿ. ಮಲಗಿದ ಕೈ ಬೇಡ, ಕೆಲಸ ಮಾಡೋ ಕೈ ಬರೀರಿ."

ಕೆಲಸ ಮಾಡುವ ಕೈಗಳಿಗೇನೂ ಅಲ್ಲಾಳಸಂದ್ರದಲ್ಲಿ ಬರವಿರಲಿಲ್ಲ. ಜುಲೈ ಬಂದಿತ್ತು, ಕೆರೆಯ ಕೆಳಗಿನ ಗದ್ದೆಗಳಲ್ಲಿ ನಾಟಿಗೆಂದು ಒಟ್ಲಿನಲ್ಲಿ ಬೆಳೆಸಿದ ಪೈರು ಕೀಳುತ್ತಿದ್ದರು. ಬಸ್ಸಿಗೆ ಹೋಗುವ ದಾರಿಯೂ ಅದೇ. ಆದರೆ ಅವಳು ಹಾಳೆ ತೆಗೆದ ಕೂಡಲೇ ಹೆಂಗಸರು ನಗುತ್ತ ಕೈಯನ್ನು ಸೀರೆಗೆ ಒರೆಸಿಕೊಂಡು ನಿಂತುಬಿಡುತ್ತಿದ್ದರು. ನಿಲ್ಲದೆ ಕೂತವಳು ಮುನಿಶಾಮಮ್ಮ ಒಬ್ಬಳೇ. ಐವತ್ತೈದರ ಮೇಲಿನ ವಿಧವೆ, ಕೂಲಿಗೆ ಬರುವವಳು. ಏಳೂವರೆಗೆ ಸರಿಯಾಗಿ ಬದುವಿನ ಮೇಲೆ ಕೂತು ಎಲೆಯಡಿಕೆಯ ಚೀಲ ಬಿಚ್ಚುವುದು ಅವಳ ಪದ್ಧತಿ. ಎಲೆ ಬಾಯಲ್ಲಿರುವಷ್ಟು ಹೊತ್ತು ಕೂತೇ ಪೈರಿನ ಕಟ್ಟುಗಳನ್ನು ಬಿಚ್ಚಿ ಸರಿಮಾಡುತ್ತಿದ್ದಳು. ಯಾರು ಕೂಗಿದರೂ ಗದ್ದೆಗಿಳಿಯುತ್ತಿರಲಿಲ್ಲ.

"ಏನಮ್ಮಿ ಅದು, ನನ್ ಕೈಯ್ಯಾ? ಗೆಣಸಿದ್ದಂಗದಲ್ಲ!"

"ಇನ್ನೂ ಕಲೀತಾ ಇದೀನಿ ದೊಡ್ಡಮ್ಮ. ದಿನಾ ಸ್ವಲ್ಪ ಹೊತ್ತು ಬರ್ಕೋತೀನಿ, ಆಗುತ್ತಾ?"

"ಎಲೆ ಉಗಿಯೋಗಂಟ ಬರ್ಕೊ. ಉಗುದ್ ಮ್ಯಾಲೆ ನಾನ್ ಯಾರ್ ಮಾತೂ ಕೇಳಾಕಿಲ್ಲ." ಆಮೇಲೆ ಹಾಳೆಯತ್ತ ಬಗ್ಗಿ ನೋಡಿದ ಮುನಿಶಾಮಮ್ಮನ ದವಡೆ ನಿಂತಿತು. "ಇದು ಯಾತುಕ್ಕ್ ಬರ್ದೆ? ಎಬ್ಬೆಟ್ಟು?"

"ಯಾಕೆ ದೊಡ್ಡಮ್ಮ?"

"ಎಬ್ಬೆಟ್ಟು ಬರೀಬ್ಯಾಡ. ಮಿಕ್ಕಿದ್ದು ಏನ್ ಬೇಕಾದ್ರೂ ಬರ್ಕೊ. ನನ್ ಮೈದ ಸಕ್ಕರೆ ಚೀಟಿಗೆ ಅಂತ ಒತ್ತಿಸ್ಕೊಂಡ, ಒಂದೇ ಒಂದ್ ಕಿತ. ಆಮ್ಯಾಕೆ ನೋಡುದ್ರೆ ಗದ್ದೆ ಅವನ್ ಎಸ್ರಲ್ಲದೆ. ಇದೇ ಗದ್ದೆ ಕಣಮ್ಮಿ. ನಾವೀಗ ಕುಂತಿರೋ ಬದು."

"ಅದು ಪತ್ರದ ಮೇಲೆ ಮಸಿ ಹಚ್ಚಿ ಒತ್ತೋದು ದೊಡ್ಡಮ್ಮ. ಇದು ಬರೀ ಚಿತ್ರ."

"ಇದು ಯಾರ್ ಕೈ ಅಂತ ಊರೋರ್ನ ಕೇಳುದ್ರೆ ಏನಂತಾರೆ?"

"ಮುನಿಶಾಮಮ್ಮನ ಕೈ ಅಂತಾರೆ."

"ಅಂಗಾದ್ರೆ ಎಬ್ಬೆಟ್ಟು ಯಾರ್ದು?"

ಲಕ್ಷ್ಮಿದೇವಮ್ಮ ಪೆನ್ಸಿಲ್ ಕೆಳಗಿಟ್ಟಳು. ಆ ಹಾಳೆಯನ್ನು ಅಲ್ಲೇ ಹರಿದು ನೀರಿಗೆ ಬಿಟ್ಟಳು. "ಬರೆಯಲ್ಲ ದೊಡ್ಡಮ್ಮ. ನಿಮ್ಮ ಹೆಬ್ಬೆಟ್ಟು ಯಾವತ್ತೂ ಬರೆಯಲ್ಲ" ಎಂದು ಮಾತು ಕೊಟ್ಟಳು. ಆಗ ಅವಳಿಗೆ ಅದು ಸುಲಭದ ಮಾತಾಗಿಯೇ ಕಂಡಿತು. ಬೆರಳುಗಳಲ್ಲೆಲ್ಲ ಕಷ್ಟದ ಬೆರಳು ಹೆಬ್ಬೆರಳು. ಬುಡ ಎಲ್ಲಿ ಶುರುವಾಗುತ್ತದೆಂದೇ ತಿಳಿಯುವುದಿಲ್ಲ. ಅದೊಂದು ಕಳೆಯಿತಲ್ಲ ಎಂದು ಒಳಗೊಳಗೇ ಹಗುರವೂ ಆಯಿತು.

ಅಲ್ಲಿಂದ ದಿನವೂ ಏಳೂವರೆಗೆ ಬದುವಿನ ಮೇಲೆ. ಟೈಂಪೀಸನ್ನು ಚೀಲದಲ್ಲಿ ಹೊತ್ತು ತಂದಳು ಮೊದಲು. ಮೂರು ದಿನಕ್ಕೆ ಅದು ಬೇಡವಾಯಿತು. ಮುನಿಶಾಮಮ್ಮ ಎಲೆಯ ನಾರು ತೆಗೆದು ಸುಣ್ಣ ಹಚ್ಚಿ ಮಡಿಸಿ ದವಡೆಗಿಟ್ಟರೆ ಅಲ್ಲಿಂದ ಉಗಿಯುವವರೆಗೆ ಎಂಟು ನಿಮಿಷ. ಎಂದೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಒಂದು ಎಲೆಗೆ ನಾಲ್ಕು ಕೈ. ಉಳಿದ ಹದಿನಾರನ್ನು ಬಸ್ಸಿನಲ್ಲಿ, ಕಚೇರಿಯ ಊಟದ ಹೊತ್ತಿನಲ್ಲಿ, ರಾಗಿ ಬೀಸುವ ಪಕ್ಕದ ಮನೆಯವಳ ಎದುರು ಕೂತು ಮುಗಿಸಬೇಕು. ರಾತ್ರಿ ಮಲಗಿದಾಗ ಬೆರಳ ಗಂಟುಗಳು ಕಣ್ಣೊಳಗೆ ಮಡಿಸಿಕೊಂಡು ಬಿಚ್ಚಿಕೊಳ್ಳುತ್ತಿದ್ದವು.

ಉಗಿದ ಮೇಲೆ ಮುನಿಶಾಮಮ್ಮ ಹಾಳೆ ಇಸಿದುಕೊಂಡು, ತಲೆಕೆಳಗೋ ನೇರವೋ ನೋಡದೆ, ಪ್ರತಿ ಕೈಯ ಬೆರಳುಗಳನ್ನೂ ಮುಟ್ಟಿ ಎಣಿಸುತ್ತಿದ್ದಳು. "ಒಂದು, ಎಲ್ಡು, ಮೂರು, ನಾಕು. ಸರಿ, ಓಗು. ಬಸ್ಸು ಬಂತು."

ಹಾಳೆಯ ಅಂಚಿಗೆಲ್ಲ ಅವಳ ಕೆಸರಿನ ಗುರುತು. ಹಾಗೆ ಹಿಡಿದ ಹೆಬ್ಬೆಟ್ಟಿನ ಗುರುತೇ ಅಲ್ಲಿ ಬೀಳುತ್ತಿದೆ ಎಂದು ಹೇಳಬೇಕೋ ಬೇಡವೋ ಎಂದು ಲಕ್ಷ್ಮಿದೇವಮ್ಮ ಒಂದು ವಾರ ಯೋಚಿಸಿದಳು. ಕಡೆಗೆ ಹೇಳಲಿಲ್ಲ. ಬಸ್ಸಿನಲ್ಲಿ ಕೂತು ಆ ಅಂಚುಗಳನ್ನು ಬ್ಲೇಡಿನಿಂದ ಕತ್ತರಿಸಿ ಕಿಟಕಿಯಾಚೆ ಬಿಡುತ್ತಿದ್ದಳು.

ಆಗಸ್ಟ್ ಹತ್ತರ ಹೊತ್ತಿಗೆ ಏನೋ ಆಯಿತು. ಏನೆಂದು ಅವಳಿಗೂ ಗೊತ್ತಾಗಲಿಲ್ಲ. ಒಂದು ಬೆಳಿಗ್ಗೆ ಮೂರನೇ ಕೈ ಬರೆಯುವಾಗ ಬೆರಳುಗಳ ಲೆಕ್ಕ ಮರೆತು, ಪೈರಿನ ತೂಕ ಎಲ್ಲಿ ಬೀಳುತ್ತಿದೆ ಎಂದಷ್ಟೇ ನೋಡಿದಳು. ಪೆನ್ಸಿಲ್ ಎತ್ತಿದಾಗ ಹಾಳೆಯ ಮೇಲೆ ಒಂದು ಕೈ ಪೈರು ಹಿಡಿದುಕೊಂಡಿತ್ತು. ಮುನಿಶಾಮಮ್ಮ ಅಂದು ಎಣಿಸಲಿಲ್ಲ. ಬಗ್ಗಿ ನೋಡಿ, "ಉಗುರ್ ಸಂದೀನಾಗ್ ಮಣ್ಣೂ ಬಿಟ್ಟಿಲ್ವಲ್ಲೇ" ಎಂದಳು. ತಾಜುದ್ದೀನ್ ಸಾಹೇಬರು ಬಹಳ ಹೊತ್ತು ನೋಡಿ ಹಾಳೆಯನ್ನು ವಾಪಸ್ಸು ಕೊಟ್ಟರು. "ಆಯ್ತು ಅಮ್ಮಾ. ರಬ್ಬರ್ ಇನ್ನೊಂದು ವಾರ ಇರ್ಲಿ."

ಪಟ ಬರೆದಳು. ಮೂರು ಪೈರನ್ನು ಹಿಡಿದು ಕೆಸರಿನ ಮೇಲೆ ಒಂದು ಗೇಣು ಎತ್ತರದಲ್ಲಿ ನಿಂತ ದೊಡ್ಡದೊಂದು ಬಲಗೈ, ಹಿಂದೆ ಬಗ್ಗಿದ ಹೆಂಗಸರ ಸಾಲು, ಎಲ್ಲರಿಗೂ ಕೈ. ನರಸಿಂಹಯ್ಯನವರು ಕನ್ನಡಕ ತೆಗೆದು ಹಾಕಿ ನೋಡಿದರು.

"ಭೇಷ್. ಇದು ಕೈ. ನಮ್ಮ ತಾಯಿ ಕೈ ಇದ್ದ ಹಾಗಿದೆ." ಆಮೇಲೆ ಹಣೆ ಗಂಟಾಯಿತು. "ಹೆಬ್ಬೆರಳು ಎಲ್ಲಮ್ಮ?"

ಆ ದೊಡ್ಡ ಕೈಯಲ್ಲಿ ಪೈರಿನ ಪಕ್ಕದ ಜಾಗ ಬಿಳಿಯಾಗಿತ್ತು. ಅವಳು ಅಲ್ಲಿಗೆ ಬೆರಳಿಟ್ಟಳು. "ಪೈರಿನ ಹಿಂದೆ ಇದೆ ಸಾರ್."

"ಹಿಂದೆ ಇದ್ರೆ ಹಿಡಿದದ್ದು ಹೇಗೆ? ಮೂರು ಪೈರನ್ನ ಹೆಬ್ಬೆರಳಲ್ಲಿ ಒತ್ತಿ ಬಿಡಿಸ್ಕೊಳ್ಳೋದು, ಅದೇ ತೋರಿಸ್ಬೇಕಾದ್ದು. ನಾಲ್ಕು ಬೆರಳಿನ ಪಟ ಕಳಿಸಿದ್ರೆ ಹಳ್ಳಿಯಲ್ಲಿ ನಗ್ತಾರೆ. ನಾಳೆ ಹತ್ತು ಗಂಟೆಗೆ ಅಚ್ಚಿಗೆ ಹೋಗ್ಬೇಕು. ನಿಮ್ಮ ಫೈಲೂ ನಾಳೆಯೇ ಮೇಲಕ್ಕೆ ಹೋಗೋದು." ಪಟವನ್ನು ಸುರುಳಿ ಸುತ್ತಿ ಅವರೇ ಅವಳ ಕೈಗೆ ಕೊಟ್ಟರು. "ಒಂದು ಬೆರಳು. ಅಷ್ಟೇ ಅಲ್ವಾ?"

ಅಷ್ಟೇ. ಸಂಜೆ ದೀಪ ಹಚ್ಚುವ ಹೊತ್ತಿಗೆ ಮನೆಯಲ್ಲಿ ಒಂದು ಬಿಡಿ ಹಾಳೆ ತೆಗೆದು ಕೂತಳು. ಮುನಿಶಾಮಮ್ಮನ ಹೆಬ್ಬೆರಳನ್ನು ಒಂದು ದಿನವೂ ಬರೆದಿರಲಿಲ್ಲ. ಒಂದು ದಿನವೂ ನೋಡದೆ ಬಿಟ್ಟಿರಲಿಲ್ಲ. ಹೊರಕ್ಕೆ ಬಾಗಿದ ತುದಿ, ನಡುವೆ ಸೀಳಿದ ಉಗುರು, ಗೆಣ್ಣಿನ ಕೆಳಗೆ ಕುಡುಗೋಲಿನ ಹಳೆಯ ಗಾಯ. ಎರಡು ನಿಮಿಷವೂ ಹಿಡಿಯಲಿಲ್ಲ. ಆ ಎರಡು ತಿಂಗಳಲ್ಲಿ ಅವಳು ಬರೆದದ್ದರಲ್ಲೆಲ್ಲ ಅದೇ ಚೆನ್ನಾಗಿತ್ತು. ಪಟದ ಬಿಳಿ ಜಾಗದ ಪಕ್ಕ ಹಿಡಿದು ನೋಡಿದಳು. ಅಲ್ಲಿಂದಲೇ ಕಿತ್ತು ತಂದ ಹಾಗೆ ಕೂತಿತು.

ಪಟ ಅಚ್ಚಾಗಿ ಎಲ್ಲೆಲ್ಲೋ ಹೋಗುತ್ತದೆ. ಮುನಿಶಾಮಮ್ಮ ನೋಡುವುದೇ ಇಲ್ಲ. ನೋಡಿದರೂ ಏನು? ಹಾಗೆಂದುಕೊಂಡಷ್ಟೂ ಅವಳಿಗೆ ಆ ಮೈದನ ನೆನಪಾಯಿತು. ಅವನ ಮುಖವನ್ನು ಅವಳು ಕಂಡವಳಲ್ಲ. ಸಕ್ಕರೆ ಚೀಟಿ ಹಿಡಿದು ಬಂದ ದಿನ ಅವನೂ ಹೀಗೇ ಒಂದು ಬೆರಳು ಅಷ್ಟೇ ಅಂದುಕೊಂಡಿದ್ದಿರಬೇಕು. ಎದ್ದು ಹೋಗಿ ಹಾಳೆಯನ್ನು ನೀರೊಲೆಗೆ ಹಾಕಿದಳು. ಅದು ಸುರುಟಿಕೊಂಡು ಬೂದಿಯಾಗುವವರೆಗೆ ನಿಂತು ನೋಡಿದಳು. ಹಾಕಿದ್ದು ಸರಿಯೆಂದು ಅನ್ನಿಸಲಿಲ್ಲ. ನಾಳೆ ಹತ್ತು ಗಂಟೆ ಎಂಬುದಷ್ಟೇ ಅನ್ನಿಸಿತು.

ಬೆಳಿಗ್ಗೆ ಬ್ಯಾಟರಾಯಪ್ಪ ಸೈಕಲ್ ನಿಲ್ಲಿಸಿ ಒಳಗೆ ಬಂದಾಗ ಅವಳು ಬಾಗಿಲ ಬೆಳಕಿನಲ್ಲಿ ಕೂತಿದ್ದಳು. ಎಡಗೈಯಲ್ಲಿ ಮೂರು ಪೈರು. ಅವನು ಗಡ್ಡ ಹೆರೆಯುವ ಕನ್ನಡಿಯನ್ನು ಮೊಣಕಾಲಿಗೆ ಆನಿಸಿ ನಿಲ್ಲಿಸಲು ಹೋಗಿ ಅದು ನಾಲ್ಕನೇ ಸಲ ಜಾರಿ ಬಿದ್ದಿತ್ತು.

"ಏನೇ ಇದು, ಮನೆಯೊಳಗೇ ನಾಟಿ ಶುರು ಮಾಡ್ಬಿಟ್ಟೆಯಾ?"

"ರೀ, ಈ ಕನ್ನಡಿ ಹಿಡ್ಕೊಳ್ಳಿ. ಎರಡೇ ನಿಮಿಷ. ಎಡಗೈ ಕನ್ನಡಿಯಲ್ಲಿ ಬಲಗೈ ಆಗುತ್ತೆ. ನನಗೆ ಬಲಗೈ ಹೆಬ್ಬೆರಳು ಬೇಕು."

"ರಾತ್ರಿಯೆಲ್ಲ ಹನ್ನೊಂದು ಗಾಡಿಗೆ ಲೈನ್ ತಿರುಗಿಸಿದೀನಿ ಕಣೇ. ನಿಂತಲ್ಲೇ ಬೀಳ್ತೀನಿ."

"ಕೂತ್ಕೊಂಡು ಹಿಡೀರಿ. ಅಲ್ಲಾಡಬೇಡಿ."

ಅವನು ಕುಕ್ಕರುಗಾಲಲ್ಲಿ ಕೂತು ಎರಡೂ ಕೈಯಲ್ಲಿ ಕನ್ನಡಿ ಹಿಡಿದ. ತಲೆ ತೂಗುತ್ತಿತ್ತು, ಕನ್ನಡಿ ಮಾತ್ರ ಅಲುಗಲಿಲ್ಲ. ಅವಳು ನೋಡಿದಳು. ತನ್ನ ಹೆಬ್ಬೆರಳನ್ನು ಅವಳು ಹೀಗೆ ಎಂದೂ ನೋಡಿರಲಿಲ್ಲ. ಪೆನ್ಸಿಲ್ ಚೂಪು ಮಾಡುವಾಗ ಬ್ಲೇಡಿನ ಬೆನ್ನನ್ನು ಒತ್ತಿ ಒತ್ತಿ ಅದರ ಮೆತ್ತನೆ ಭಾಗದಲ್ಲಿ ಅಡ್ಡಡ್ಡ ಗೀರುಗಳು ಬಿದ್ದಿದ್ದವು. ಒಂದರ ಮೇಲೊಂದು, ಮೂರು ವರ್ಷದವು. ರಬ್ಬರಿಲ್ಲ. ಪಟವನ್ನೇ ಮುಂದಿಟ್ಟುಕೊಂಡು ನೇರವಾಗಿ ಬರೆದಳು.

"ಆಯ್ತಾ?" ಕಣ್ಣು ಮುಚ್ಚಿಯೇ ಕೇಳಿದ ಬ್ಯಾಟರಾಯಪ್ಪ.

"ಆಯ್ತು. ಮಲಗಿ."

ಏಳೂವರೆಗೆ ಬದುವಿನ ಮೇಲೆ ಮುನಿಶಾಮಮ್ಮ ಎಲೆಯ ನಾರು ತೆಗೆಯುತ್ತಿದ್ದಳು. ಲಕ್ಷ್ಮಿದೇವಮ್ಮ ಪಟ ಬಿಚ್ಚಿ ಅವಳ ಮುಂದೆ ಹಿಡಿದಳು. ತೋರಿಸದೆ ನೇರ ಬಸ್ಸಿಗೆ ಹೋಗಿಬಿಡಬಹುದಿತ್ತು, ಕಾಲುಗಳು ಹೋಗಲಿಲ್ಲ. ಇವಳು ಬೇಡವೆಂದರೆ ಪಟವಿಲ್ಲ, ಆರ್ಡರಿಲ್ಲ ಎಂದು ಗೊತ್ತಿದ್ದೇ ಹಿಡಿದಳು.

ಮುನಿಶಾಮಮ್ಮ ಸುಣ್ಣದ ಬೆರಳಿಟ್ಟು ಎಣಿಸಿದಳು. "ಒಂದು, ಎಲ್ಡು, ಮೂರು, ನಾಕು." ನಿಂತಳು. "ಐದು."

ಎಲೆ ಬಾಯಿಗೆ ಹೋಗಲಿಲ್ಲ.

"ಮಾತ್ ಕೊಟ್ಟಿದ್ದೆ ನೀನು."

"ಸರಿಯಾಗಿ ನೋಡಿ ದೊಡ್ಡಮ್ಮ."

ಅವಳು ತನ್ನ ಹೆಬ್ಬೆರಳನ್ನು ಪಟದ ಪಕ್ಕ ಇಟ್ಟಳು. ಬಾಗಿದ ತುದಿಯಿಲ್ಲ, ಸೀಳಿದ ಉಗುರಿಲ್ಲ. ಅಡ್ಡ ಗೀರುಗಳ ಮೇಲೆ ಕಣ್ಣು ನಿಂತಿತು.

"ಇದು ನಂದಲ್ಲ."

"ಅಲ್ಲ. ಇದು." ಲಕ್ಷ್ಮಿದೇವಮ್ಮ ಎಡಗೈ ಚಾಚಿದಳು. ಮುನಿಶಾಮಮ್ಮ ಆ ಬೆರಳನ್ನು ಹಿಡಿದು ತಿರುಗಿಸಿ ನೋಡಿದಳು, ಗೀರುಗಳ ಮೇಲೆ ಉಗುರಾಡಿಸಿದಳು.

"ಏನೇ ಇಂಗ್ ಮಾಡ್ಕೊಂಡಿದೀಯ? ಕುಂತ್ ಕೆಲ್ಸ ಮಾಡೋಳ್ ಬೆರಳಾ ಇದು?"

"ಪೆನ್ಸಿಲ್ ಕೆತ್ತೋ ಬ್ಲೇಡು."

"ಉಂ." ಬೆರಳನ್ನು ಬಿಡಲಿಲ್ಲ. "ಅಂಗಾದ್ರೆ ಇದ್ರಾಗೆ ನಿನ್ ಎಬ್ಬೆಟ್ಟು ಬಿದ್ದದೆ. ಕೆಳಕ್ಕೆ ಏನ್ ಬರ್ದದೆ, ಓದು."

"ಒಂದು ಗುಣಿಗೆ ಮೂರು ಪೈರು. ಪೈರಿನಿಂದ ಪೈರಿಗೆ ಆರು ಅಂಗುಲ, ಸಾಲಿನಿಂದ ಸಾಲಿಗೆ ಹತ್ತು ಅಂಗುಲ. ಅಷ್ಟೇ ದೊಡ್ಡಮ್ಮ."

"ಬ್ಯಾರೆ ಏನೂ ಇಲ್ವಾ? ಸಣ್ಣುಕ್ಕೆ?"

"ಇಲ್ಲ."

"ಇನ್ನೊಂದ್ ಕಿತ ಓದು. ಮೆಲ್ಲುಕ್ಕೆ."

ಬಳ್ಳಾರಿ ರಸ್ತೆಯಲ್ಲಿ ಬಸ್ಸಿನ ಸದ್ದು ಕೇಳಿಸಿತು. ಲಕ್ಷ್ಮಿದೇವಮ್ಮ ತಲೆಯೆತ್ತಲಿಲ್ಲ. ಮೊದಲಿನಿಂದ, ಒಂದೊಂದೇ ಮಾತಾಗಿ ಓದಿದಳು. ಬಸ್ಸು ನಿಂತು, ಹೊರಟು, ಹೋಯಿತು. ಮುಂದಿನದು ಎಂಟೂಕಾಲಿಗೆ. ಮುನಿಶಾಮಮ್ಮ ಎಲೆಯನ್ನು ದವಡೆಗಿಟ್ಟಳು. "ಉಸಾರು ಕಣಮ್ಮಿ. ಓದ್ದೆ ಯಾತುಕ್ಕೂ ಒತ್ಬ್ಯಾಡ" ಎಂದು, ಎಂದಿನಂತೆ ಕಟ್ಟು ಬಿಚ್ಚತೊಡಗಿದಳು. ಎಂಟು ನಿಮಿಷವಿತ್ತು. ಲಕ್ಷ್ಮಿದೇವಮ್ಮ ಪೆನ್ಸಿಲ್ ತೆಗೆಯಲಿಲ್ಲ. ಸುಮ್ಮನೆ ಪಕ್ಕದಲ್ಲಿ ಕೂತು ನೋಡಿದಳು.

ಪಟ ಹತ್ತು ಗಂಟೆಗೆ ಅಚ್ಚಿಗೆ ಹೋಯಿತು. ನರಸಿಂಹಯ್ಯನವರು ಐದು ಬೆರಳನ್ನೂ ನೋಡಿ ತಲೆಯಾಡಿಸಿದರು, ಅಷ್ಟೇ. ತಾಜುದ್ದೀನ್ ಸಾಹೇಬರು ಮಾತ್ರ ಕಲ್ಲಿಗೆ ಇಳಿಸುವ ಮೊದಲು ಬಗ್ಗಿ, "ಈ ಹೆಬ್ಬೆರಳು ಬೇರೆ ಊರಿಂದ ಬಂದಿದೆ ಅಮ್ಮಾ" ಎಂದು, ರಬ್ಬರನ್ನು ಮೇಜಿನ ಮೇಲಿಟ್ಟು ಹೋದರು.

ಆಗಸ್ಟ್ ಮೂವತ್ತೊಂದನೇ ತಾರೀಖು ಮಧ್ಯಾಹ್ನ ಗುಮಾಸ್ತ ಆರ್ಡರು ತಂದು ಮುಂದಿಟ್ಟ.

"ಸೈನ್ ಹಾಕಿಕೊಡಿ ಅಮ್ಮ. ಊಟಕ್ಕೆ ಹೋಗ್ಬೇಕು."

"ಓದ್ತೀನಿ."

"ಓದೋಕೇನಿದೆ ಅದರಲ್ಲಿ? ಪ್ರತಿ ಸಲದ್ದೇ."

ಹಿಂದಿನ ಆರೂ ಸಲ ಅವಳು ಓದಿರಲಿಲ್ಲ. ಬಂತಲ್ಲ ಎಂಬ ಸಮಾಧಾನದಲ್ಲಿ ತೋರಿಸಿದಲ್ಲಿ ಸಹಿ ಹಾಕಿದ್ದಳು. ಈಗ ಮೇಲಿನಿಂದ ಓದಿದಳು. ಆರು ತಿಂಗಳು. ತಾತ್ಕಾಲಿಕ. ಕಾರಣ ತಿಳಿಸದೆ ಯಾವಾಗ ಬೇಕಾದರೂ ತೆಗೆಯಬಹುದು. ಕೊನೆಯ ಸಾಲು ಮುಗಿಸಿ ಮತ್ತೆ ಮೊದಲನೆಯದಕ್ಕೆ ಬಂದಳು. ಗುಮಾಸ್ತ ನಿಟ್ಟುಸಿರು ಬಿಟ್ಟು ಗೋಡೆಯ ಗಡಿಯಾರ ನೋಡಿದ. ಎರಡು ನಿಮಿಷ ಕಳೆದಿತ್ತು. ಆಮೇಲೆ ಅವಳು ಎಡಗೈ ಹೆಬ್ಬೆರಳಿನಿಂದ ಕಾಗದವನ್ನು ಮೇಜಿಗೆ ಒತ್ತಿ ಹಿಡಿದು, ಸಹಿ ಹಾಕಿದಳು.